ವಾಣಿಜ್ಯ ಚಿತ್ರಕಲೆಯಲ್ಲಿ ಛಾಯಾಚಿತ್ರದ ನೆರವು

ಮುಂಬಯಿಯ ಕನ್ನಡ ಸಂಸ್ಥೆಯೊಂದರ ಸಭಾಗೃಹದಲ್ಲಿ ದಿವಂಗತರಾದ ಹಿರಿಯ ಕಾರ್ಯಕರ್ತರೊಬ್ಬರ ತೈಲಚಿತ್ರವನ್ನಿಡಬೇಕೆಂದು ಕೆಲವು ವರ್ಷಗಳ ಹಿಂದೆ ನಿಶ್ಚಯವಾಯಿತು. ಬ್ಯಾಂಕಿನವನೆಂಬ ಒಂದೇ ಕಾರಣಕ್ಕಾಗಿ ಖರ್ಚಿನ ಲೆಕ್ಕವನ್ನಿಡುವ ಹೊಣೆ ಈ ಲೇಖಕನ ಪಾಲಿಗೆ ಬಂದಿತು. ದಿವಂಗತರದೆಂದು ದೊರೆತದ್ದು ಒಂದೇ ಒಂದು ಛಾಯಾಚಿತ್ರ. ಅದೂ ಹಳೆಯ ಗುರುತಿನ ಚೀಟಿಯಿಂದ ಬಿಡಿಸಿಕೊಂಡದ್ದು, ಅಂಚೆಚೀಟಿಗಿಂತ ತುಸು ದೊಡ್ಡದು. ಚಿತ್ರಕಾರರು ಅದನ್ನು ಪ್ರಕ್ಷೇಪಕ ಯಂತ್ರದಿಂದ ಕ್ಯಾನ್ವಾಸಿನ ಮೇಲೆ ಹಿಗ್ಗಿಸಿ, ಬಿದ್ದ ನೆರಳಿನ ಮೇಲೆಯೇ ರೇಖೆಗಳನ್ನೆಳೆದುಕೊಂಡು, ಹನ್ನೆರಡು ದಿನಗಳಲ್ಲಿ ಕೆಲಸ ಮುಗಿಸಿಕೊಟ್ಟರು. ಅನಾವರಣಕ್ಕೆ ಒಂದು ವಾರ ಮೊದಲು ದಿವಂಗತರ ಪತ್ನಿಯವರು ಬಂದು ನೋಡಿದರು. ಬಹಳ ಹೊತ್ತು ಸುಮ್ಮನಿದ್ದು, “ಎಲ್ಲ ಸರಿಯಾಗಿದೆಯಪ್ಪ, ಆದರೆ ಅವರ ಕೆನ್ನೆಯ ಮೇಲೆ ಮಚ್ಚೆ ಇರಲಿಲ್ಲ” ಎಂದರು. ಮೂಲವನ್ನು ಭೂತಗನ್ನಡಿಯಿಂದ ಪರೀಕ್ಷಿಸಿದಾಗ ಅದು ಮಚ್ಚೆಯಲ್ಲ, ರಬ್ಬರ್ ಮುದ್ರೆಯ ಮಸಿಯ ಅಂಚೆಂಬುದು ತಿಳಿಯಿತು. ದಿನವೊಂದಕ್ಕೆ ನೂರಾರು ಮುದ್ರೆಗಳನ್ನು ಕಾಣುವ ನನಗೂ ಅದು ಹೊಳೆದಿರಲಿಲ್ಲ.

ಸಮಿತಿಯ ಹಿರಿಯರೊಬ್ಬರು, ಫೋಟೋ ನೋಡಿ ಬರೆದದ್ದು ಕಲೆಯೇ ಅಲ್ಲ, ಅದಕ್ಕೆ ಇಷ್ಟು ಹಣವೇಕೆ ಎಂದು ಆಕ್ಷೇಪಿಸಿದರು. ಚಿತ್ರಕಾರರು ನೊಂದುಕೊಂಡು, “ಕಾಲವಾದವರನ್ನು ಎದುರಿಗೆ ಕೂಡಿಸಿಕೊಂಡು ಬರೆಯುವುದು ಹೇಗೆ, ಸ್ವಾಮಿ?” ಎಂದು ಕೇಳಿದರು. ಆ ದಿನದ ಚರ್ಚೆ ಮುಗಿಯಲಿಲ್ಲ. ಪ್ರಸ್ತುತ ಲೇಖನಕ್ಕೆ ಪ್ರೇರಣೆಯಾದದ್ದು ಆ ಪ್ರಶ್ನೆಯೇ. ಹೊಟ್ಟೆಪಾಡಿಗಾಗಿ, ನಿಗದಿಯಾದ ದಿನದೊಳಗೆ ಚಿತ್ರ ಬರೆದುಕೊಡಬೇಕಾದ ವೃತ್ತಿಗಾರನು ಛಾಯಾಚಿತ್ರವನ್ನೂ ಇತರ ಸುಲಭೋಪಾಯಗಳನ್ನೂ ಯಾವಾಗಿನಿಂದ, ಯಾವ ಬಗೆಯಲ್ಲಿ ಬಳಸಿಕೊಂಡು ಬಂದನು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಸುಲಭೋಪಾಯಗಳು ಕ್ಯಾಮೆರಾದೊಡನೆ ಬಂದವಲ್ಲ. ಮೊಗಲ್ ಮತ್ತು ರಾಜಪೂತ ಚಿತ್ರಶಾಲೆಗಳಲ್ಲಿ ‘ಚರ್ಬಾ’ ಎಂಬುದೊಂದಿತ್ತು. ಜಿಂಕೆಯ ಚರ್ಮವನ್ನು ಪಾರದರ್ಶಕವಾಗುವಷ್ಟು ತೆಳ್ಳಗೆ ಹದಮಾಡಿ, ಮೆಚ್ಚುಗೆಯಾದ ಚಿತ್ರದ ಮೇಲೆ ಹಾಸಿ, ರೇಖೆಗಳನ್ನು ಅದರ ಮೇಲೆ ಎತ್ತಿಕೊಳ್ಳುತ್ತಿದ್ದರು. ರೇಖೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೇಲಿನಿಂದ ತಟ್ಟಿದರೆ ಕೆಳಗಿನ ಕಾಗದದ ಮೇಲೆ ಚುಕ್ಕೆಗಳ ಸಾಲು ಮೂಡುವುದು. ಇದಕ್ಕೆ ‘ಖಾಕಾ’ ಎಂದು ಹೆಸರು. ತಂದೆಯ ಖಾಕಾ ಮಗನಿಗೆ ಆಸ್ತಿಯಾಗಿ ಬರುತ್ತಿತ್ತು. ಇಟಲಿಯಲ್ಲಿಯೂ ಇದೇ ಕ್ರಮವಿತ್ತು. ರಾಫೆಲನ ‘ಅಥೆನ್ಸಿನ ವಿದ್ಯಾಶಾಲೆ’ಯ ಪೂರ್ಣಪ್ರಮಾಣದ ಕರಡು ಮಿಲಾನಿನ ಆಂಬ್ರೋಸಿಯಾನಾ ಸಂಗ್ರಹದಲ್ಲಿ ಇಂದಿಗೂ ಇದೆ, ಅದರ ರೇಖೆಗಳ ಮೇಲೆ ಸೂಜಿಯ ರಂಧ್ರಗಳಿವೆ. ರಾಫೆಲನು ಕಳ್ಳತನ ಮಾಡಿದನೆಂದು ಯಾರೂ ಹೇಳಿದ್ದಿಲ್ಲ.

ಯಥಾವತ್ತಾದ ಹೋಲಿಕೆಯ ಹಂಬಲವೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಮೀಸಲಾದ ಭಾಗವಿದೆ. ಗೋಡೆಯನ್ನು ಹದಗೊಳಿಸುವುದು, ಎಮ್ಮೆಯ ಚರ್ಮದಿಂದ ವಜ್ರಲೇಪವನ್ನು ತಯಾರಿಸುವುದು, ಕುಂಚಗಳ ಬಗೆಗಳು, ಅಂಗಗಳ ಅಳತೆ ಇವೆಲ್ಲ ಅಲ್ಲಿವೆ. ಚಿತ್ರಗಳನ್ನು ವಿಂಗಡಿಸುವಾಗ ರಾಜನು ಕನ್ನಡಿಯ ಪ್ರತಿಬಿಂಬದಂತೆ ವಸ್ತುವನ್ನು ಹೋಲುವ ಚಿತ್ರಕ್ಕೆ ‘ವಿದ್ಧ’ವೆಂದೂ, ಮನಸ್ಸಿಗೆ ತೋರಿದ ಆಕಾರವನ್ನು ಬರೆದದ್ದಕ್ಕೆ ‘ಅವಿದ್ಧ’ವೆಂದೂ ಹೆಸರಿಟ್ಟಿದ್ದಾನೆ. ಎರಡಕ್ಕೂ ಆತನ ಶಾಸ್ತ್ರದಲ್ಲಿ ಸ್ಥಾನವುಂಟು. ಆದರೆ ದೇವತೆಗಳನ್ನು ಬರೆಯುವವನಿಗೆ ಆಧಾರವಾಗಿದ್ದುದು ಕನ್ನಡಿಯಲ್ಲ, ಧ್ಯಾನಶ್ಲೋಕ ಮತ್ತು ತಾಲಮಾನ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ಸಚಿತ್ರ ‘ಶ್ರೀತತ್ತ್ವನಿಧಿ’ ಇಂಥ ಆಧಾರಗಳ ಒಂದು ಮಹಾಭಂಡಾರ. ಲಕ್ಷ್ಮಿಗೆ ಎಷ್ಟು ಕೈಗಳು, ಯಾವ ಕೈಯಲ್ಲಿ ಏನು, ಮೈಬಣ್ಣವೇನು ಎಂಬುದನ್ನು ಶ್ಲೋಕ ಹೇಳುತ್ತಿತ್ತು. ಮೂಗು ಯಾರ ಮೂಗಿನಂತಿರಬೇಕೆಂದು ಅದು ಹೇಳುತ್ತಿರಲಿಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಛಾಯಾಚಿತ್ರ ಬಂದಾಗ ಬದಲಾದದ್ದು ಮುಖ್ಯವಾಗಿ ಇದೇ.

ಇನ್ನು ಕ್ಯಾಮೆರಾದ ಹುಟ್ಟು. ಅದರ ಚರಿತ್ರೆಯನ್ನು ವಿಜ್ಞಾನದ ಚರಿತ್ರೆಯೆಂದೇ ನಾವು ಓದುತ್ತೇವೆ. ಆದರೆ ಅದರ ಮೂಲಪುರುಷರಲ್ಲಿ ಒಬ್ಬನಾದ ಫ್ರಾನ್ಸಿನ ದಗೇರ್ ವೃತ್ತಿಯಿಂದ ನಾಟಕಶಾಲೆಯ ಪರದೆಗಳನ್ನು ಬರೆಯುವವನು. 1822ರಲ್ಲಿ ಪ್ಯಾರಿಸ್ಸಿನಲ್ಲಿ ಆತನು ತೆರೆದ ‘ಡಯೊರಾಮಾ’ ಹಣ ಕೊಟ್ಟು ನೋಡುವ ವಿನೋದಶಾಲೆ. ದೈತ್ಯಾಕಾರದ ಪರದೆಗಳಿಗೆ ಬೇಕಾದ ದೂರಸಾಮೀಪ್ಯದ ಲೆಕ್ಕವನ್ನು ಹಿಡಿಯಲು ಆತನು ‘ಕ್ಯಾಮೆರಾ ಅಬ್ಸ್‌ಕ್ಯೂರಾ’ ಎಂಬ ಕತ್ತಲೆಪೆಟ್ಟಿಗೆಯನ್ನು ಬಳಸುತ್ತಿದ್ದನು. ಪೆಟ್ಟಿಗೆಯಲ್ಲಿ ಬಿದ್ದ ಬಿಂಬವು ತಾನಾಗಿಯೇ ನಿಂತುಬಿಟ್ಟರೆ ಕೈಕೆಲಸವೇ ಉಳಿಯುವುದಲ್ಲವೆ? ಇನ್ನೊಬ್ಬ ಮೂಲಪುರುಷ ಇಂಗ್ಲೆಂಡಿನ ಟಾಲ್ಬಟ್. ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. 1833ರ ಅಕ್ಟೋಬರಿನಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ, ವುಲ್ಲಸ್ಟನ್ 1806ರಲ್ಲಿ ಸನ್ನದು ಪಡೆದಿದ್ದ ‘ಕ್ಯಾಮೆರಾ ಲೂಸಿಡಾ’ ಎಂಬ ಗಾಜಿನ ಉಪಕರಣವನ್ನಿಟ್ಟುಕೊಂಡು ದೃಶ್ಯವನ್ನು ಬರೆಯಹೋಗಿ ಸೋತನು. ಆ ಸೋಲಿನಿಂದಲೇ ಬೆಳಕಿಗೆ ಬರೆಯಲು ಕಲಿಸುವ ಯೋಚನೆ ಅವನಿಗೆ ಬಂದಿತು. 1839ರಲ್ಲಿ ಇಬ್ಬರ ವಿಧಾನಗಳೂ ಲೋಕಕ್ಕೆ ತಿಳಿದವು. ಆದುದರಿಂದ ಛಾಯಾಚಿತ್ರವು ಚಿತ್ರಕಾರನಿಗೆ ಸುಲಭೋಪಾಯವನ್ನು ಒದಗಿಸಿತೆನ್ನುವುದಕ್ಕಿಂತ ಚಿತ್ರಕಾರನ ಸುಲಭೋಪಾಯವೇ ಛಾಯಾಚಿತ್ರವನ್ನು ಹೆತ್ತಿತೆನ್ನುವುದು ಚರಿತ್ರೆಗೆ ಹೆಚ್ಚು ಹತ್ತಿರ.

ಹೊಸ ವಿದ್ಯೆ ಭಾರತಕ್ಕೆ ಬೇಗನೆ ಬಂದಿತು. 1854ರಲ್ಲಿಯೇ ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಸ್ಥಾಪನೆಯಾಯಿತು. ಕಪ್ಪುಬಿಳುಪಿನ ಪ್ರತಿಗಳಿಗೆ ಬಣ್ಣ ಹಚ್ಚುವ ಕೆಲಸಕ್ಕೆ ಸ್ಟುಡಿಯೋಗಳವರು ಕುಂಚ ಹಿಡಿದವರನ್ನೇ ನೇಮಿಸಿಕೊಂಡರು. ಕೆಲವೊಮ್ಮೆ ಕೆಳಗಿನ ಛಾಯಾಚಿತ್ರ ಕಾಣದಷ್ಟು ಬಣ್ಣ ಬಳಿದದ್ದೂ ಉಂಟು. ಅಂಥ ಚಿತ್ರದಲ್ಲಿ ಮುಖವೊಂದು ಯಂತ್ರದ್ದು, ಜರತಾರಿಯೂ ಒಡವೆಯೂ ಕುಂಚದ್ದು. ಇದನ್ನು ಛಾಯಾಚಿತ್ರವೆನ್ನಬೇಕೆ, ವರ್ಣಚಿತ್ರವೆನ್ನಬೇಕೆ ಎಂಬ ಗೊಂದಲ ವಸ್ತುಸಂಗ್ರಹಾಲಯಗಳಿಗೆ ಇಂದಿಗೂ ತಪ್ಪಿಲ್ಲ. ಹಣ ಕೊಟ್ಟು ಬರೆಯಿಸಿಕೊಂಡವರಿಗೆ ಆ ಗೊಂದಲವಿರಲಿಲ್ಲ.

ರಾಜಾ ರವಿವರ್ಮರ ಹೆಸರನ್ನು ಇಲ್ಲಿ ತಾರದೆ ಗತ್ಯಂತರವಿಲ್ಲ. 1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಈ ಮಹಾನುಭಾವರು ಅರಮನೆಗಳ ಚಿತ್ರಕಾರರಾಗಿ ಪ್ರಸಿದ್ಧರು. ಆದರೆ ನಮ್ಮ ದೇಶದ ವಾಣಿಜ್ಯ ಚಿತ್ರಕಲೆಗೆ ಬಂಡವಾಳ ಹೂಡಿದ ಮೊದಲಿಗರಲ್ಲಿ ಅವರೊಬ್ಬರೆಂಬುದನ್ನು ನಾವು ಮರೆಯುತ್ತೇವೆ. ಒಬ್ಬ ಕೈಯಿಂದ ದೇಶದ ಬೇಡಿಕೆಯನ್ನು ಪೂರೈಸಲಾಗದು, ಆಯ್ದ ಚಿತ್ರಗಳನ್ನು ಯೂರೋಪಿಗೆ ಕಳುಹಿಸಿ ಅಚ್ಚುಮಾಡಿಸಬೇಕೆಂದು ದಿವಾನ್ ಸರ್ ಟಿ. ಮಾಧವರಾಯರು 1884ರಲ್ಲಿ ಅವರಿಗೆ ಬರೆದಿದ್ದರು. ಹತ್ತು ವರ್ಷಗಳ ಅನಂತರ, 1894ರಲ್ಲಿ, ರವಿವರ್ಮರು ಮುಂಬಯಿಯಲ್ಲಿಯೇ ಮುದ್ರಣಾಲಯವನ್ನು ತೆರೆದರು. ಜರ್ಮನಿಯ ಯಂತ್ರಗಳೂ ತಂತ್ರಜ್ಞರೂ ಬಂದರು. ಮೊದಲು ಹೊರಬಂದ ಅಚ್ಚು ‘ಶಕುಂತಲೆಯ ಜನನ’. ಕೆಲವು ವರ್ಷಗಳಲ್ಲಿ ಮುದ್ರಣಾಲಯ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡಿತು. ಸಾಲದ ಹೊರೆಯಿಂದಾಗಿ ಅಲ್ಲಿಯ ಜರ್ಮನ್ ತಂತ್ರಜ್ಞ ಶ್ಲೈಷರನಿಗೆ ಮಾರಾಟವಾಯಿತು. ಒಳ್ಳೆಯ ಸರಕು, ತುಂಬಿದ ಗಿರಾಕಿ, ಆದರೂ ನಷ್ಟ: ಇಂಥ ಉದ್ಯಮಗಳನ್ನು ಬ್ಯಾಂಕಿನವರು ನಿತ್ಯವೂ ಕಾಣುತ್ತಾರೆ.

ಆ ಮುದ್ರಣದ ಕ್ರಮವನ್ನು ತುಸು ವಿವರಿಸುವುದು ಅವಶ್ಯ. ಶಿಲಾಮುದ್ರಣದಲ್ಲಿ ಬಣ್ಣಕ್ಕೊಂದು ಕಲ್ಲು. ಮೂಲಚಿತ್ರದ ಹೊರರೇಖೆಗಳನ್ನೂ, ಒಂದು ಬಣ್ಣ ಮುಗಿದು ಇನ್ನೊಂದು ಆರಂಭವಾಗುವ ಎಲ್ಲೆಗಳನ್ನೂ ಪಾರದರ್ಶಕ ಹಾಳೆಯ ಮೇಲೆ ಎತ್ತಿಕೊಂಡು ಮೊದಲನೆಯ ಕಲ್ಲಿಗೆ ಇಳಿಸುತ್ತಾರೆ. ಅದರಿಂದ ತೆಗೆದ ಅಚ್ಚನ್ನು ಉಳಿದ ಕಲ್ಲುಗಳ ಮೇಲೆ ಒತ್ತುತ್ತಾರೆ. ಪ್ರತಿಯೊಂದು ಕಲ್ಲಿನ ಮೇಲೂ ಕುಶಲಕರ್ಮಿಯು ಜಿಡ್ಡುಮಸಿಯಿಂದ ಸಾವಿರಾರು ಚುಕ್ಕೆಗಳನ್ನಿಟ್ಟು ಆ ಬಣ್ಣದ ಪಾಲನ್ನು ರೂಪಿಸುತ್ತಾನೆ. ಲಕ್ಷ್ಮಿಯ ಸೀರೆಯ ಒಂದು ಮಡಿಕೆಗೆ ನಾಲ್ಕಾರು ಕಲ್ಲುಗಳ ಚುಕ್ಕೆಗಳು ಕೂಡಬೇಕು. ಇದು ಆದ್ಯಂತವಾಗಿ ನಕಲು. ಆದರೂ ಇದರಷ್ಟು ಕಣ್ಣು ಸೋಲಿಸುವ ಕೈಕೆಲಸ ಇನ್ನೊಂದಿಲ್ಲ. ನಮ್ಮ ಅಜ್ಜಿಯರು ದೇವರ ಕೋಣೆಯಲ್ಲಿಟ್ಟು ಪೂಜಿಸಿದ ಪಟಗಳಲ್ಲಿ ರವಿವರ್ಮರ ಕೈ ಸ್ವತಃ ತಾಗಿದ್ದು ಒಂದೂ ಇಲ್ಲ.

ರವಿವರ್ಮರಿಗೆ ಛಾಯಾಚಿತ್ರದ ಪರಿಚಯ ಚೆನ್ನಾಗಿತ್ತು. ಬೇಡಿಕೆಯ ಭಾವಚಿತ್ರಗಳನ್ನು, ವಿಶೇಷವಾಗಿ ಗತಿಸಿದವರವನ್ನು, ಛಾಯಾಚಿತ್ರದ ಆಧಾರದಿಂದ ಅವರು ಬರೆದುದುಂಟು. ಅವರ ತಮ್ಮ ಸಿ. ರಾಜರಾಜವರ್ಮರು ಅಣ್ಣನೊಡನೆ ಊರೂರು ಸುತ್ತಿ, ಚಿತ್ರಗಳಲ್ಲಿ ಕೈಗೂಡಿಸಿ, ಇಂಗ್ಲಿಷಿನಲ್ಲಿ ದಿನಚರಿಯನ್ನಿಟ್ಟಿದ್ದರು. ಅದನ್ನು ಓದುವವರಿಗೆ ಕಾಣುವುದು ಧ್ಯಾನಮಗ್ನ ಋಷಿಯ ಬದುಕಲ್ಲ. ಪ್ರಯಾಣ, ಪತ್ರವ್ಯವಹಾರ, ಹಣದ ಚಿಂತೆ, ಬೇಡಿಕೆಗಳ ಒತ್ತಡಗಳ ನಡುವೆ ದುಡಿಯುವ ಇಬ್ಬರು ವೃತ್ತಿಗಾರರ ಬದುಕು. 1904ರಲ್ಲಿ ಮೈಸೂರಿನಿಂದ ಬಂದ ಬೇಡಿಕೆಯೇ ಅವರ ಕೊನೆಯ ದೊಡ್ಡ ಕೆಲಸಗಳಲ್ಲೊಂದು. 1905ರ ಆರಂಭದಲ್ಲಿ ತಮ್ಮನು ತೀರಿಕೊಂಡನು, ಅಣ್ಣನು ಮರುವರ್ಷ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರವಿವರ್ಮರ ಪೌರಾಣಿಕ ಚಿತ್ರಗಳ ಮುಂದೆ ನಿಂತವರು, ಇವು ಶ್ಲೋಕದಿಂದ ಹುಟ್ಟಿದ ದೇವತೆಗಳಲ್ಲ, ಇಂಥ ಮನೆಯವಳು, ಇಂಥ ಬೆಳಕಿನಲ್ಲಿ ಕುಳಿತವಳು ಎಂದು ತಟ್ಟನೆ ಅರಿಯುತ್ತಾರೆ. ಮೂಗಿಗೆ ಒಡತಿ ಬಂದಿದ್ದಾಳೆ. ಇದು ಲಾಭವೋ ನಷ್ಟವೋ ಎಂಬ ವಾದ ನೂರು ವರ್ಷಗಳಿಂದ ನಡೆದಿದೆ. ನನ್ನ ಮಟ್ಟಿಗೆ, ಶ್ರೀತತ್ತ್ವನಿಧಿಯ ಲಕ್ಷ್ಮಿಗೆ ಕೈಮುಗಿಯಬಹುದು, ರವಿವರ್ಮರ ಲಕ್ಷ್ಮಿಯೊಡನೆ ಮಾತಾಡಬಹುದು ಎಂದಷ್ಟೇ ಹೇಳಬಲ್ಲೆ.

ಇಲ್ಲಿ ನನ್ನ ವೃತ್ತಿಯ ಒಂದು ಅನುಭವವನ್ನು ಹೇಳಲು ಓದುಗರ ಅನುಮತಿ ಬೇಡುತ್ತೇನೆ. ಚೆಕ್ಕಿನ ಮೇಲಿನ ಸಹಿಯನ್ನು ಬ್ಯಾಂಕಿನಲ್ಲಿರುವ ಮಾದರಿಯೊಡನೆ ತಾಳೆನೋಡುವುದು ನಮ್ಮ ನಿತ್ಯಕರ್ಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಾದರಿಗೆ ಎಷ್ಟು ಹತ್ತಿರವಾಗಿದ್ದರೆ ಅಷ್ಟು ನಂಬಿಕೆಗೆ ಅರ್ಹವೆಂದು ನಾನು ತಿಳಿದಿದ್ದೆ. ಹಿರಿಯ ಅಧಿಕಾರಿಯೊಬ್ಬರು ತಿದ್ದಿದರು: ಯಾವ ಮನುಷ್ಯನೂ ಎರಡು ಸಲ ಒಂದೇ ಬಗೆಯಾಗಿ ಸಹಿ ಮಾಡಲಾರ, ಒಂದರ ಮೇಲೊಂದಿಟ್ಟಾಗ ಕೂದಲೆಳೆಯಷ್ಟೂ ತಪ್ಪದೆ ಕೂಡಿದರೆ ಅಲ್ಲಿಯೇ ಸಂಶಯಪಡಬೇಕು. ಕೆಳಗೆ ಮಾದರಿಯಿಟ್ಟು ಮೇಲೆ ಎಳೆದ ಗೆರೆಗೆ ವೇಗವಿರುವುದಿಲ್ಲ. ಒತ್ತಡವು ಉದ್ದಕ್ಕೂ ಒಂದೇ. ತಿರುವುಗಳಲ್ಲಿ ಲೇಖನಿ ಅನುಮಾನಿಸಿ ನಿಂತು ಮುಂದೆ ಹೋಗಿರುತ್ತದೆ. ಛಾಯಾಚಿತ್ರದ ಮೇಲೆ ಕಾಗದವಿಟ್ಟು ಎತ್ತಿದ ಚಿತ್ರಗಳಲ್ಲಿ ಕಾಣುವ ನಿರ್ಜೀವತೆಯೂ ಇದೇ. ಎಲ್ಲ ರೇಖೆಗಳೂ ತಮ್ಮ ಸ್ಥಾನದಲ್ಲಿವೆ, ಯಾವ ರೇಖೆಯೂ ಎಲ್ಲಿಂದಲೂ ಎಲ್ಲಿಗೂ ಹೋಗುತ್ತಿಲ್ಲ. ಇದಲ್ಲದೆ ಮಸೂರದ ಸುಳ್ಳೂ ಒಂದುಂಟು. ತೀರ ಸಮೀಪದಿಂದ ತೆಗೆದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ. ನೆರಳಿನೊಳಗಿನ ವಿವರಗಳು ಒಂದೇ ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಶರೀರವನ್ನು ಅಭ್ಯಾಸಮಾಡಿದವನು ಇದನ್ನು ತಿದ್ದಿ ಬರೆಯುತ್ತಾನೆ. ಅಭ್ಯಾಸವಿಲ್ಲದವನು ಮಸಿಯ ಚುಕ್ಕೆಯನ್ನು ಮಚ್ಚೆಯಾಗಿ ಬರೆಯುತ್ತಾನೆ.

ಪಶ್ಚಿಮದ ವೃತ್ತಿಗಾರರೂ ಈ ದಾರಿಯಲ್ಲಿಯೇ ನಡೆದವರು. 1895ರ ‘ಜಿಸ್ಮೋಂಡಾ’ ಭಿತ್ತಿಪತ್ರದಿಂದ ಪ್ಯಾರಿಸ್ಸಿನಲ್ಲಿ ಹೆಸರಾದ ಅಲ್ಫಾನ್ಸ್ ಮೂಖಾ ತನ್ನ ಸ್ಟುಡಿಯೋದಲ್ಲಿ ರೂಪದರ್ಶಿಯರನ್ನು ನಿಲ್ಲಿಸಿ ತಾನೇ ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದನು. ಅವುಗಳಲ್ಲಿ ಕೆಲವು ಉಳಿದುಬಂದಿವೆ. ಭಿತ್ತಿಪತ್ರಗಳ ಸುರುಳಿಸುರುಳಿಯಾದ ಕೇಶರಾಶಿ ಆ ಛಾಯಾಚಿತ್ರಗಳಲ್ಲಿ ಇಲ್ಲ.

ಹೆಚ್ಚು ವಿಸ್ತಾರವಾಗಿ ಹೇಳತಕ್ಕುದು ಅಮೆರಿಕದ ನಾರ್ಮನ್ ರಾಕ್‌ವೆಲ್‌ನ ವಿಷಯ. 1916ರಿಂದ 1963ರ ವರೆಗೆ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಗೆ 300ಕ್ಕೂ ಮಿಕ್ಕಿ ಮುಖಪುಟಗಳನ್ನು ಬರೆದ ಈತನು ಮೊದಮೊದಲು ಎದುರಿಗೆ ಜನರನ್ನು ಕೂಡಿಸಿಕೊಂಡೇ ಬರೆಯುತ್ತಿದ್ದನು. ಮಕ್ಕಳು ಕುಳಿತಲ್ಲಿ ಕೂಡರು. ನಗುವ ಮುಖ ಅರ್ಧಗಂಟೆಯಲ್ಲಿ ಹಲ್ಲುಕಿರಿದ ಮುಖವಾಗುವುದು. 1930ರ ದಶಕದ ಮಧ್ಯಭಾಗದಲ್ಲಿ ಆತನು ಛಾಯಾಚಿತ್ರಕ್ಕೆ ತಿರುಗಿದನು. ಕ್ಯಾಮೆರಾವನ್ನು ಬೇರೆಯವರು ಹಿಡಿಯುತ್ತಿದ್ದರು. ತಾನು ನಾಟಕದ ನಿರ್ದೇಶಕನಂತೆ ನಿಂತು, ಮುಖಭಾವವನ್ನು ಅಭಿನಯಿಸಿ ತೋರಿಸುತ್ತಿದ್ದನು. ಒಂದು ಮುಖಪುಟಕ್ಕಾಗಿ ಹತ್ತಾರು ಛಾಯಾಚಿತ್ರಗಳನ್ನು ತೆಗೆಸಿ, ಒಂದರಿಂದ ಹುಬ್ಬು, ಇನ್ನೊಂದರಿಂದ ಕೈ, ಮತ್ತೊಂದರಿಂದ ಬೂಟಿನ ಸವೆದ ಹಿಮ್ಮಡಿ ಎಂಬಂತೆ ಆರಿಸಿಕೊಂಡು, ‘ಬ್ಯಾಲಾಪ್ಟಿಕನ್’ ಎಂಬ ಪ್ರಕ್ಷೇಪಕದಿಂದ ಹಿಗ್ಗಿಸಿ ಇದ್ದಿಲಿನಲ್ಲಿ ಕರಡು ಸಿದ್ಧಪಡಿಸುತ್ತಿದ್ದನು. ಅಷ್ಟಾದರೂ ಆ ಯಂತ್ರದ ವಿಷಯದಲ್ಲಿ ಅವನಿಗೆ ನಾಚಿಕೆಯಿತ್ತು. 1960ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅದನ್ನು ಅಪರಾಧವನ್ನೊಪ್ಪಿಕೊಳ್ಳುವವನ ಧಾಟಿಯಲ್ಲಿ ಹೇಳಿಕೊಂಡಿದ್ದಾನೆ.

ಆದರೆ ಆತನ ಛಾಯಾಚಿತ್ರಗಳನ್ನೂ ಮುಗಿದ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಗೆ ಕಾರಣ ಕಾಣದು. 1958ರ ಸೆಪ್ಟೆಂಬರಿನ ‘ಓಡಿಹೋದ ಹುಡುಗ’ ಎಂಬ ಮುಖಪುಟವನ್ನೇ ನೋಡಬಹುದು. ಮನೆ ಬಿಟ್ಟು ಹೊರಟ ಪುಟ್ಟ ಹುಡುಗನೂ ಪೊಲೀಸಿನವನೂ ಉಪಾಹಾರಗೃಹದ ಎತ್ತರದ ಪೀಠಗಳ ಮೇಲೆ ಕುಳಿತಿದ್ದಾರೆ. ಛಾಯಾಚಿತ್ರ ತೆಗೆದದ್ದು ಅಂದಿನ ಹೊಚ್ಚಹೊಸ ಬಗೆಯ, ದೇಶದುದ್ದಕ್ಕೂ ಶಾಖೆಗಳಿದ್ದ ಉಪಾಹಾರಗೃಹವೊಂದರಲ್ಲಿ. ಚಿತ್ರದಲ್ಲಿ ಅದು ಹಳ್ಳಿದಾರಿಯ ಹಳೆಯ ಊಟದಂಗಡಿಯಾಗಿದೆ, ಪರಿಚಾರಕನಿಗೂ ವಯಸ್ಸಾಗಿದೆ. ಹುಡುಗನು ಪಟ್ಟಣದಿಂದ ಸಾಕಷ್ಟು ದೂರ ಬಂದಿದ್ದಾನೆಂದು ನೋಡುವವನಿಗೆ ಅನ್ನಿಸಬೇಕಾದರೆ ಅಂಗಡಿ ಹಳೆಯದಾಗಲೇಬೇಕಿತ್ತು. ಕ್ಯಾಮೆರಾ ಅಂದು ಅಲ್ಲಿದ್ದುದನ್ನು ಕೊಟ್ಟಿತು. ಕಥೆಗೆ ಏನು ಬೇಕೆಂಬುದು ಅದಕ್ಕೆ ಗೊತ್ತಿರಲಿಲ್ಲ.

ಮತ್ತೆ ನಮ್ಮ ಮುಂಬಯಿಗೆ ಬರೋಣ. ಗೋಧ್ರಾದಲ್ಲಿ ಛಾಯಾಗ್ರಾಹಕರಾಗಿ, ಪುರಾತತ್ತ್ವ ಇಲಾಖೆಯಲ್ಲಿ ನಕ್ಷೆಗಾರರಾಗಿ, ಮುದ್ರಣಾಲಯದ ಒಡೆಯರಾಗಿ ದುಡಿದ ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದರು. ಚಲನಚಿತ್ರದ ಹಿಂದೆಯೇ ಅದರ ಜಾಹೀರಾತಿನ ಕಲೆಯೂ ಬೆಳೆಯಿತು. ಬೀದಿಯ ಫಲಕವನ್ನು ಬರೆಯುವವನಿಗೆ ಮಾದರಿಯೆಂದರೆ ನಿರ್ಮಾಪಕನು ಕಳುಹಿಸಿದ ಸ್ಟಿಲ್ ಫೋಟೋ. ಅಂಗೈಯಗಲದ ಪಟದ ಮೇಲೆ ಚೌಕಗಳನ್ನೆಳೆದು, ಅಷ್ಟೇ ಚೌಕಗಳನ್ನು ನಲವತ್ತಡಿಯ ಬಟ್ಟೆಯ ಮೇಲೆ ಸುಣ್ಣದ ದಾರದಿಂದ ಹೊಡೆದು, ಒಂದೊಂದು ಚೌಕವನ್ನೂ ಬೇರೆ ಬೇರೆಯಾಗಿ ಹಿಗ್ಗಿಸಿ ಬರೆಯುವುದು ರೂಢಿ. ಬಿದಿರ ಅಟ್ಟದ ಮೇಲೆ ನಿಂತವನಿಗೆ ನಾಯಕಿಯ ಕಣ್ಣೊಂದೇ ಆಳೆತ್ತರ. ಮುಖ ಹೇಗಾಗಿದೆಯೆಂದು ತಿಳಿಯಬೇಕಾದರೆ ಇಳಿದು ರಸ್ತೆ ದಾಟಿ ಹೋಗಬೇಕು. ಶುಕ್ರವಾರದೊಳಗೆ ಫಲಕ ಏರಲೇಬೇಕಾದ್ದರಿಂದ ಚೌಕಗಳಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. 1930ರ ದಶಕದಲ್ಲಿ ಈ ನಗರಕ್ಕೆ ಬಂದ ಎಂ. ಎಫ್. ಹುಸೇನರೂ ಹೊಟ್ಟೆಪಾಡಿಗಾಗಿ ಇದೇ ಅಟ್ಟವನ್ನೇರಿದವರು. ಕ್ಯಾಲೆಂಡರುಗಳ ಲೋಕದಲ್ಲಿ ರಘುವೀರ ಮುಳಗಾಂವಕರರು (1918–1976) ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸ್ಪ್ರೇ ಉಪಕರಣವನ್ನು ಹಿಡಿದು, ಕುಂಚಕ್ಕೆ ದುಸ್ಸಾಧ್ಯವಾದ ನಯವನ್ನು ದೇವದೇವಿಯರ ಮೈಗೆ ತಂದರು. ಅದೂ ಸಮಯ ಉಳಿಸುವ ಉಪಾಯವೆಂದೇ ಹಲವರು ಹಳಿದರು. ಮನೆಮನೆಯ ಗೋಡೆ ಹಳಿಯಲಿಲ್ಲ.

ಕನ್ನಡಿಗರಾದ ನಮಗೆ ಹೆಮ್ಮೆಯ ಹೆಸರು ಎಸ್. ಎಂ. ಪಂಡಿತರದು. 1916ರಲ್ಲಿ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಹುಟ್ಟಿದ ಪಂಡಿತರು ಮುಂಬಯಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಓದಿ, ಮೆಟ್ರೋ ಚಿತ್ರಮಂದಿರಕ್ಕೆ ಬರುತ್ತಿದ್ದ ಹಾಲಿವುಡ್ ಚಿತ್ರಗಳ ಪ್ರಚಾರಪಟಗಳನ್ನು ಬರೆದರು. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟಗಳನ್ನು ಬರೆದರು. ಅನಂತರ ಪೌರಾಣಿಕ ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಪ್ರಚಾರಪಟಗಳಿಗೆ ಆಧಾರ ಕಪ್ಪುಬಿಳುಪಿನ ಸ್ಟಿಲ್‌ಗಳೇ. ಬಣ್ಣವಿಲ್ಲದ ಮೂಲದಿಂದ ಬಣ್ಣದ ಚಿತ್ರವನ್ನು ತೆಗೆಯುವುದೆಂದರೆ ಪ್ರತಿಯೊಂದು ವರ್ಣವನ್ನೂ ಚಿತ್ರಕಾರನೇ ಊಹಿಸಬೇಕು. ಹಿಂದಿನಿಂದ ಬಿದ್ದ ಬೆಳಕು ಭುಜದ ಅಂಚನ್ನು ಬೆಳಗಿಸುವ ಕ್ರಮ ಸ್ಟುಡಿಯೋ ದೀಪಗಳ ಕ್ರಮ. ಅದು ಅವರ ಪುರಾಣಪುರುಷರ ಮೈಯಲ್ಲಿಯೂ ಇದೆಯೆಂದು ನನಗೆ ತೋರುತ್ತದೆ. ಸಾವಿರಾರು ಸ್ಟಿಲ್‌ಗಳನ್ನು ನೋಡಿ ಪಳಗಿದ ಕಣ್ಣು ಸ್ಟಿಲ್ ಇಲ್ಲದ ಲೋಕಕ್ಕೂ ಆ ಬೆಳಕನ್ನು ಒಯ್ದಿತು. 1993ರಲ್ಲಿ ಅವರು ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೆ ಒಳಹೋಗುವವರಲ್ಲಿ ಅವರ ಒಂದು ಚಿತ್ರವನ್ನಾದರೂ ಕಂಡವರೆಷ್ಟು ಮಂದಿಯೋ! ಬೀದಿಯ ಫಲಕಗಳ ಕಲೆಯೂ 1990ರ ದಶಕದಿಂದ ಈಚೆಗೆ ಗಣಕದ ಮುದ್ರಣಕ್ಕೆ ಸ್ಥಳ ಬಿಟ್ಟುಕೊಟ್ಟಿತು. ಅಲ್ಲಿ ಛಾಯಾಚಿತ್ರವು ಆಧಾರವಲ್ಲ, ಅದೇ ಫಲಕ.

ಇಷ್ಟು ಹೊತ್ತು ಚಿತ್ರಕಾರನ ಪಕ್ಷವನ್ನೇ ವಹಿಸಿ ಮಾತಾಡಿದೆ. ಛಾಯಾಗ್ರಾಹಕನ ಪಕ್ಷವೂ ಒಂದಿದೆ. ಆಧಾರವಾಗಿ ಬಳಸಿಕೊಂಡ ಛಾಯಾಚಿತ್ರವು ಇನ್ನೊಬ್ಬರ ದುಡಿಮೆಯಾಗಿದ್ದರೆ? 1981ರಲ್ಲಿ ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ ಪ್ರಿನ್ಸ್ ಎಂಬ ಗಾಯಕನ ಚಿತ್ರ ತೆಗೆದಿದ್ದಳು. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆಯು 400 ಡಾಲರು ಕೊಟ್ಟು, ಒಂದು ಸಲದ ಬಳಕೆಗೆಂದು ಅದನ್ನು ಪಡೆದು, ಆಂಡಿ ವಾರ್ಹಾಲನಿಂದ ವರ್ಣಚಿತ್ರ ಮಾಡಿಸಿತು. ವಾರ್ಹಾಲನು ಒಂದಕ್ಕೆ ನಿಲ್ಲದೆ ಒಂದು ಮಾಲಿಕೆಯನ್ನೇ ಮಾಡಿದನು. 2016ರಲ್ಲಿ ಗಾಯಕನು ತೀರಿಕೊಂಡಾಗ ಮಾಲಿಕೆಯ ಇನ್ನೊಂದು ಚಿತ್ರಕ್ಕಾಗಿ ಪ್ರಕಾಶಕರು ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರು ಕೊಟ್ಟರು; ಗೋಲ್ಡ್‌ಸ್ಮಿತ್‌ಗೆ ಏನೂ ಬರಲಿಲ್ಲ. ಜಮಾಖರ್ಚಿನ ಪುಸ್ತಕ ಬಲ್ಲವನಿಗೆ ಈ ಲೆಕ್ಕದ ಅನ್ಯಾಯ ಕಾಣಲು ಕಾನೂನಿನ ಪದವಿ ಬೇಕಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಏಳು ಮಂದಿ ನ್ಯಾಯಾಧೀಶರ ಬಹುಮತದಿಂದ, ಇಬ್ಬರ ಭಿನ್ನಮತದೊಡನೆ, ಗೋಲ್ಡ್‌ಸ್ಮಿತ್‌ಳ ಪರವಾಗಿ ತೀರ್ಪಿತ್ತಿತು. ನಮ್ಮಲ್ಲಿಯೂ 1957ರ ಕೃತಿಸ್ವಾಮ್ಯ ಶಾಸನವು ಛಾಯಾಚಿತ್ರವನ್ನು ಕಲಾಕೃತಿಯೆಂದೇ ಎಣಿಸುತ್ತದೆ. 2012ರ ತಿದ್ದುಪಡಿಯ ಅನಂತರ ಅದಕ್ಕೂ ಇತರ ಕೃತಿಗಳಂತೆ ಕರ್ತೃವಿನ ಜೀವಿತಾವಧಿ ಮತ್ತು ಆ ಮೇಲಿನ 60 ವರ್ಷಗಳ ರಕ್ಷಣೆಯಿದೆ. ಮೂಖಾನೂ ರಾಕ್‌ವೆಲ್‌ನೂ ಈ ತೊಡಕಿನಿಂದ ಬಹುಮಟ್ಟಿಗೆ ದೂರವಿದ್ದರು. ಅವರ ಛಾಯಾಚಿತ್ರಗಳು ಅವರ ಖರ್ಚಿನವು, ಅವರ ಯೋಜನೆಯವು. ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡ ಪಟವನ್ನು ಹೆಸರಿಲ್ಲದೆ, ಹಣವಿಲ್ಲದೆ ಇಳಿಸಿಕೊಳ್ಳುವ ಅಭ್ಯಾಸ ಬೇರೆ. ನಮ್ಮ ಕ್ಯಾಲೆಂಡರು ಲೋಕದಲ್ಲಿ ಅದು ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ತೈಲಚಿತ್ರದ ಪ್ರಸಂಗವನ್ನು ಅರ್ಧಕ್ಕೆ ಬಿಟ್ಟಿದ್ದೆ. ಚಿತ್ರಕಾರರು ಮರುದಿನ ಬಣ್ಣದ ಪೆಟ್ಟಿಗೆಯೊಡನೆ ಬಂದರು. ಮಚ್ಚೆಯನ್ನು ಅಳಿಸಲು ಐದು ನಿಮಿಷ ಸಾಕಾಯಿತು. ಆ ಮೇಲೆ ದಿವಂಗತರ ಪತ್ನಿಯವರನ್ನು ಎದುರಿಗೆ ಕೂಡಿಸಿಕೊಂಡು, “ಅಮ್ಮಾ, ಅವರು ಬೇರೆಯವರ ಮಾತು ಕೇಳುವಾಗ ಹೇಗೆ ಕೂತಿರುತ್ತಿದ್ದರು?” ಎಂದು ಕೇಳಿದರು. ಅವರು ಯೋಚಿಸಿ, ತಮ್ಮ ತಲೆಯನ್ನೇ ತುಸು ಎಡಕ್ಕೆ ವಾಲಿಸಿ ತೋರಿಸಿದರು. ಬಲಗಿವಿ ಸ್ವಲ್ಪ ಮಂದವಿತ್ತು, ಆದ್ದರಿಂದ ಎಡಗಿವಿಯನ್ನು ಮುಂದೆ ಮಾಡುತ್ತಿದ್ದರೆಂದರು. ಗುರುತಿನ ಚೀಟಿಯ ಛಾಯಾಚಿತ್ರದಲ್ಲಿ ತಲೆ ಸೂತ್ರ ಹಿಡಿದಂತೆ ನೆಟ್ಟಗಿತ್ತು. ಚಿತ್ರಕಾರರು ಪ್ರಕ್ಷೇಪಕವನ್ನು ಮತ್ತೆ ಹಚ್ಚಲಿಲ್ಲ. ಮೂರು ದಿನ ಕುಳಿತು ಕುತ್ತಿಗೆಯನ್ನೂ ಭುಜವನ್ನೂ ಕೆರೆದು ಹೊಸದಾಗಿ ಬರೆದರು. ಆ ಮೂರು ದಿನಗಳ ಕೆಲಸಕ್ಕೆ ಅವರು ಬಿಲ್ಲಿನಲ್ಲಿ ಏನನ್ನೂ ಸೇರಿಸಿರಲಿಲ್ಲ. ನಾನೇ ಸೇರಿಸಿ ಸಹಿ ಹಾಕಿಸಿಕೊಂಡೆ.